ಬಲಗೇಟಿನ ಗ್ರೀಸು

ಮಾರ್ಚ್ ೩

ಮಾವನವರಿಗೆ ನಮಸ್ಕಾರಗಳು.

ಫೋನು ಮಾಡಿದರೆ ನೀವು ಎತ್ತುತ್ತಿಲ್ಲ. ಅದೇ ಫೋನಿನಲ್ಲಿ ಆ ಸುದ್ದಿ ಹೇಳಿದವಳು ನಾನೇ, ಆದ್ದರಿಂದ ನಿಮ್ಮ ಮೇಲೆ ಬೇಸರ ಮಾಡಿಕೊಳ್ಳುವುದಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀರಿ ಎಂದು ಬರೆಯುತ್ತಿದ್ದೇನೆ.

ಸೋಮವಾರದಿಂದ ಮತ್ತೆ ಲ್ಯಾಬಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಕೂತರೆ ಗೋಡೆ ನೋಡುವುದೇ ಕೆಲಸವಾಗುತ್ತದೆ. ಲ್ಯಾಬಿನಲ್ಲಿ ನಿಮ್ಮ ಮಗನ ಕುರ್ಚಿ ಅಲ್ಲೇ ಇದೆ. ಅದನ್ನು ಯಾರೂ ತೆಗೆದಿಲ್ಲ, ಯಾರೂ ಅದರಲ್ಲಿ ಕೂರುವುದೂ ಇಲ್ಲ. ಹಳೆಯ ಪೇಪರುಗಳನ್ನು ತಂದು ಅದರ ಮೇಲೆ ಪೇರಿಸುತ್ತಿದ್ದಾರೆ. ನೀವು ಸರಿಯಾಗಿ ಊಟ ಮಾಡುತ್ತಿದ್ದೀರಾ ಎಂದು ಕೇಳುವುದಿಲ್ಲ. ಕೇಳಿದರೆ "ಹ್ಞೂಂ" ಅಂತೀರಿ, ಆ ಹ್ಞೂಂ ಎಂಥದ್ದು ಎಂದು ನನಗೂ ಗೊತ್ತು.

ಕೆಲಸದ ಮಾತಿಗೆ ಬರುತ್ತೇನೆ. ನಿಮ್ಮ ಮಗ ಶುರು ಮಾಡಿದ ಪರೀಕ್ಷೆಯನ್ನು ಲ್ಯಾಬಿನವರು ನನ್ನ ಕೈಗೆ ಕೊಟ್ಟಿದ್ದಾರೆ. ನಿಮ್ಮ ಜಲಾಶಯದ ಎರಡು ಗೇಟುಗಳಲ್ಲಿ ಎಡಗೇಟಿಗೆ ಎಂದಿನ ಕಪ್ಪು ಗ್ರೀಸು. ಬಲಗೇಟಿಗೆ ಮಾತ್ರ ಹರಳೆಣ್ಣೆಯಿಂದ ಮಾಡಿದ ಹೊಸ ಗ್ರೀಸು, ಜನವರಿಯಲ್ಲಿ ನಿಮಗೆ ಬಂದ ಬಿಳಿ ಬಕೆಟ್ಟಿನದು. ಪ್ರತಿ ತಿಂಗಳೂ ಎರಡೂ ಗೇಟುಗಳ ತಿರುಗುವ ಅಚ್ಚಿಗೆ ತೊಡಿಸಿದ ಬುಷ್ಷಿನ ಅಂಚಿನಿಂದ ಚಿಟಿಕೆಯಷ್ಟು ಗ್ರೀಸನ್ನು ಕೆರೆದು, ಇದರ ಜೊತೆ ಕಳಿಸಿರುವ ಪುಟ್ಟ ಡಬ್ಬಿಗಳಲ್ಲಿ ಹಾಕಿ ನನಗೆ ಕಳಿಸಬೇಕು. ಲೋಹಕ್ಕೆ ಲೋಹ ಉಜ್ಜಿ ಸವೆದ ಪುಡಿ ಗ್ರೀಸಿನಲ್ಲೇ ಉಳಿದಿರುತ್ತದೆ. ಎಷ್ಟು ಕಬ್ಬಿಣ ಸಿಕ್ಕಿತೋ ಗೇಟು ಅಷ್ಟು ಸವೆದಿದೆ ಎಂದು ಅರ್ಥ.

ಇದು ಸರಿಯಾಗಿ ಬಂದರೆ ಎಲ್ಲ ಗೇಟುಗಳಿಗೂ ಇದನ್ನೇ ಹಾಕುತ್ತಾರೆ. ಬರದಿದ್ದರೆ ವರ್ಷದ ಕೊನೆಗೆ ಫೈಲು ಮುಚ್ಚುತ್ತಾರೆ, ನಿಮ್ಮ ಮಗನ ಇಷ್ಟು ವರ್ಷದ ಕೆಲಸ ಬೀರುವಿಗೆ ಹೋಗುತ್ತದೆ. ಫಲಿತಾಂಶ ಬರುವವರೆಗೆ ಹೊಸದಾಗಿ ಗ್ರೀಸು ಬೇಯಿಸಲು ನನಗೆ ಅನುಮತಿ ಇಲ್ಲ. ಇರುವುದು ನಿಮ್ಮ ಹತ್ತಿರದ ಆ ಒಂದು ಬಕೆಟ್ಟು ಮಾತ್ರ.

ನಿಮ್ಮ ಸೊಸೆ


ಮಾರ್ಚ್ ೨೨

ಲ್ಯಾಬ್ ಮೇಡಮ್ಮನವರಿಗೆ ಮಾವನ ಆಶೀರ್ವಾದಗಳು.

ಕಾಗದ ಬಂತು. ಕಾಗದವೋ ಸರ್ಕಾರಿ ಸುತ್ತೋಲೆಯೋ ಎಂದು ತಿರುಗಿಸಿ ಮುರುಗಿಸಿ ನೋಡಿದೆ. ಊಟದ ವಿಷಯ ಕೇಳದೆ ಬಿಟ್ಟಿದ್ದು ಒಳ್ಳೆಯದಾಯಿತು. ಹ್ಞೂಂ.

ನೀನು ಬರೆದಿದ್ದನ್ನೆಲ್ಲ ನಮ್ಮ ಪುಟ್ಟ ಮೊದಲೇ ತಲೆ ಚಿಟ್ಟು ಹಿಡಿಯುವಷ್ಟು ಹೇಳಿದ್ದ. ನಾನು ಈ ಗೇಟುಗಳ ಮಗ್ಗುಲಲ್ಲೇ ಮುದುಕನಾದವನು. ಗ್ರೀಸೆಂದರೆ ಕಪ್ಪಗಿರಬೇಕು, ಕೈಗೆ ಹತ್ತಿದರೆ ಸೋಪಿಗೂ ಜಗ್ಗಬಾರದು ಎಂದು ತಿಳಿದವನು. ಇವನದು ನೋಡಿದರೆ ಬೆಣ್ಣೆಯಂತಿದೆ. ಬಕೆಟ್ಟು ಬಂದ ದಿನ ಫೋನಿನಲ್ಲಿ ಕೇಳಿದೆ, "ಇದನ್ನ ಗೇಟಿಗೆ ಹಾಕ್ಬೇಕೋ, ಬ್ರೆಡ್ಡಿಗೆ ಸವರ್ಕೊಂಡು ತಿನ್ಬೇಕೋ?" ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಫೋನು ನಿನ್ನ ಕೈಗೆ ಹೋಯಿತು. ನಾನು ಅವನ ಜೊತೆ ಆಡಿದ ಕೊನೆಯ ಮಾತು ಅದೇ. ತಮಾಷೆ ಮಾಡಿದ್ದೇ ಒಳ್ಳೆಯದಾಯಿತೋ, ಏನಾದರೂ ಒಳ್ಳೆ ಮಾತಾಡಬೇಕಿತ್ತೋ ಎಂದು ಕೂತಲ್ಲಿ ನಿಂತಲ್ಲಿ ಯೋಚನೆ ಬರುತ್ತದೆ.

ಮುಚ್ಚಳದ ಮೇಲೆ ಅವನು ಬರೆದಿದ್ದನ್ನು ನೀನು ನೋಡಿದ್ದೀಯೋ ಇಲ್ಲವೋ. "ಅಪ್ಪಾ, ಜಿಪುಣತನ ಬೇಡ. ಧಾರಾಳವಾಗಿ ಹಾಕು." ನನ್ನ ಕೈ ಬಿಗಿ ಎಂದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಗ್ರೀಸು ಗನ್ ಹಿಡಿದರೆ ನಾನು ಕಣ್ಣಿಗೆ ಔಷಧಿ ಹಾಕಿದ ಹಾಗೆ ಹಾಕುತ್ತೇನಂತೆ.

ಅವನಿಗೆ ಈ ಹುಚ್ಚು ಹತ್ತಿದ್ದು ಎಲ್ಲಿಂದ ಗೊತ್ತೇ? ಚಿಕ್ಕವನಿದ್ದಾಗ ಗೇಟಿನ ಮೇಲಿನ ಕಟ್ಟೆಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕೆಳಗಿನ ನೀರು ನೋಡುತ್ತಿದ್ದ. ಗ್ರೀಸು ತೊಟ್ಟಿಕ್ಕಿ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಏಳುತ್ತಿತ್ತು. "ಅಪ್ಪಾ, ನೀರಿಗೆ ಯಾರೋ ಬಣ್ಣ ಹಾಕಿದಾರೆ" ಅಂದ. "ನಾನೇ ಕಣೋ ಹಾಕಿದ್ದು" ಎಂದು ಮೀಸೆ ತಿರುವಿದೆ. ಕಾಲೇಜಿನಿಂದ ರಜೆಗೆ ಬಂದವನು ಅದೇ ಕಟ್ಟೆಯ ಮೇಲೆ ನಿಂತು, "ಅಪ್ಪಾ, ಆ ಬಣ್ಣಾನ ಊರೋರು ಕುಡೀತಾರೆ" ಅಂದ. ಅವತ್ತು ನಾನು ಊಟ ಬಿಟ್ಟು ಎದ್ದೆ, ಸಿಟ್ಟಿನಿಂದ.

ಬಲಗೇಟಿನ ಗೇರಿನ ಹಲ್ಲಿಗೆ ಅವನು ಸಣ್ಣವನಿದ್ದಾಗಲೇ ಬಲಗೈಯ ಉಂಗುರದ ಬೆರಳಿನ ತುದಿ ಕೊಟ್ಟಿದ್ದ, ನಿನಗೆ ಗೊತ್ತೇ ಇದೆ. ದೊಡ್ಡವನಾಗಿ ಅದೇ ಗೇರಿಗೆ ಗ್ರೀಸು ಮಾಡಿಕೊಟ್ಟ. ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳುವವನೇ ಅಲ್ಲ, ನನ್ನ ಹಾಗಲ್ಲ.

ಗ್ರೀಸು ಹಾಕಿ ಆಗಿದೆ. ಡಬ್ಬಿಗಳು ಇದರ ಜೊತೆ ಇವೆ.

ನಿನ್ನ ಮಾವ


ಏಪ್ರಿಲ್ ೧೮

ಮಾವನವರಿಗೆ ನಮಸ್ಕಾರಗಳು.

ಡಬ್ಬಿಗಳು ಭದ್ರವಾಗಿ ಬಂದವು. ನೀವು ಸುತ್ತಿದ ದಾರ ಬಿಚ್ಚಲು ಲ್ಯಾಬಿನವರೆಲ್ಲ ಒಂದಾದೆವು.

ಎಡಗೇಟಿನ ಗ್ರೀಸಿನಲ್ಲಿ ಕಬ್ಬಿಣ ಯಥೇಚ್ಛ ಇದೆ, ಅದು ಗೊತ್ತಿದ್ದದ್ದೇ. ಬಲಗೇಟಿನದರಲ್ಲಿ ಏನೂ ಇಲ್ಲ. ಹುಡುಕಿದರೂ ಸಿಗಲಿಲ್ಲ. ನಮ್ಮ ಮುಖ್ಯಸ್ಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನೋಡಮ್ಮ, ನಿಮ್ಮ ಯಜಮಾನರು ಗೆದ್ದುಬಿಟ್ರು" ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ನಗಬೇಕು ಅನ್ನಿಸಿತು, ಬರಲಿಲ್ಲ. ಮೊದಲ ತಿಂಗಳಾದ್ದರಿಂದ ಹೀಗಿರಬಹುದು, ಕಾಯೋಣ ಅಂದೆ.

ಗೇಟು ಏರಿಸುವಾಗ ಸದ್ದು ಹೇಗಿದೆ? ಎಡಗೇಟಿಗಿಂತ ಕಡಿಮೆಯೇ? ನೀವು ಆ ಬಗ್ಗೆ ಏನೂ ಬರೆದಿಲ್ಲ. ನಿಮ್ಮ ಮಗ ನೋವಿನಲ್ಲಿದ್ದಾಗಲೂ ಕೇಳುತ್ತಿದ್ದದ್ದು ಅದೊಂದೇ. "ಅಪ್ಪನಿಗೆ ಸದ್ದಲ್ಲಿ ವ್ಯತ್ಯಾಸ ಗೊತ್ತಾಗುತ್ತೆ ನೋಡ್ತಿರು, ಅವರಾಗೇ ಫೋನ್ ಮಾಡ್ತಾರೆ" ಎನ್ನುತ್ತಿದ್ದರು.

ಅಡುಗೆಗೆ ಇನ್ನೂ ಇಬ್ಬರ ಲೆಕ್ಕದಲ್ಲೇ ಅಕ್ಕಿ ಹಾಕುತ್ತಿದ್ದೇನೆ. ಕೈಗೆ ಇನ್ನೂ ತಿಳಿದಿಲ್ಲ.

ನಿಮ್ಮ ಸೊಸೆ


ಮೇ ೧೦

ಸೊಸೆಗೆ ಆಶೀರ್ವಾದಗಳು.

ಡಬ್ಬಿಗಳನ್ನು ಕಳಿಸಿದ್ದೇನೆ. ಈ ಸಲ ದಾರ ಕಡಿಮೆ ಸುತ್ತಿದ್ದೇನೆ, ಲ್ಯಾಬಿನವರ ಉಗುರು ಉಳಿಯಲಿ.

ಸದ್ದಿನ ವಿಷಯ ಕೇಳಿದ್ದೀಯ. ವಯಸ್ಸಾಯಿತು, ಕಿವಿ ಅಷ್ಟಕ್ಕಷ್ಟೆ. ಜೊತೆಗೆ ನನ್ನ ಪಾಳಿಯ ಜೊತೆಗಾರ ಒಬ್ಬನಿದ್ದಾನಲ್ಲ, ರೇಡಿಯೋ ಎಂದು ನಾವು ಕರೆಯುವವನು, ಅವನ ಬಾಯಿ ಮುಚ್ಚಿದರೆ ತಾನೇ ಗೇಟಿನ ಸದ್ದು ಕೇಳುವುದು. ಗೇಟು ಏರುತ್ತದೆ, ಇಳಿಯುತ್ತದೆ. ಅಷ್ಟು ಸಾಕು.

ಪುಟ್ಟ ಮಾಡಿದ್ದು ಚೆನ್ನಾಗಿದೆ ಎಂದು ನಿಮ್ಮ ದೊಡ್ಡವರು ಹೇಳಿದ್ದು ಕೇಳಿ ಖುಷಿಯಾಯಿತು. ಅದಕ್ಕೆ ಪರೀಕ್ಷೆ ಯಾಕೆ ಬೇಕಿತ್ತೋ. ಅವನು ಚಿಕ್ಕಂದಿನಲ್ಲಿ ಮಾಡಿದ ಕಾಗದದ ದೋಣಿ ಕೂಡ ಮುಳುಗುತ್ತಿರಲಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಆ ಗ್ರೀಸು ಬಕೆಟ್ಟಿನಲ್ಲೇ ಇದ್ದರೆ ಎಷ್ಟು ವರ್ಷ ಕೆಡದೆ ಇರುತ್ತದೆ? ಮುಚ್ಚಳ ಗಟ್ಟಿಯಾಗಿ ಹಾಕಿ ನೆರಳಿನಲ್ಲಿಟ್ಟರೆ? ಕಪ್ಪು ಗ್ರೀಸಾದರೆ ನನಗಿಂತ ಹೆಚ್ಚು ಬಾಳುತ್ತದೆ, ಅದಕ್ಕೇ ಕೇಳಿದೆ. ಸುಮ್ಮನೆ.

ಅಕ್ಕಿ ಇಬ್ಬರ ಲೆಕ್ಕದಲ್ಲೇ ಹಾಕು, ಉಳಿದದ್ದನ್ನು ಮಾರನೆಯ ದಿನ ತಿನ್ನು. ಮೈಯಲ್ಲಿ ಏನಾದರೂ ಉಳಿದಿದೆಯೋ ಇಲ್ಲವೋ ನಿನಗೆ.

ಮಾವ


ಜೂನ್ ೧೫

ಮಾವನವರಿಗೆ ನಮಸ್ಕಾರಗಳು.

ನೀವು ಕೇಳಿದ್ದಕ್ಕೆ ಮೊದಲು ಉತ್ತರ. ಅದು ಹೆಚ್ಚು ಕಾಲ ಇರುವುದಿಲ್ಲ. ಒಂದು ವರ್ಷ, ತೀರಾ ಜೋಪಾನ ಮಾಡಿದರೆ ಇನ್ನೂ ಸ್ವಲ್ಪ. ಆಮೇಲೆ ಮೇಲೆ ಪೊರೆ ಕಟ್ಟುತ್ತದೆ, ಹುಳಿ ವಾಸನೆ ಬರುತ್ತದೆ, ಒಳಗೊಳಗೇ ಗಟ್ಟಿಯಾಗುತ್ತದೆ. ಅದು ಅದರ ದೋಷವಲ್ಲ, ಅದಕ್ಕಾಗಿಯೇ ಅದನ್ನು ಮಾಡಿದ್ದು. ನೀರಿಗೆ ಬಿದ್ದರೆ ನೀರಿನಲ್ಲಿ ಉಳಿಯಬಾರದು, ಮಣ್ಣಿಗೆ ಬಿದ್ದರೆ ಮಣ್ಣಾಗಿ ಹೋಗಬೇಕು. ಗೇಟಿನಲ್ಲಿದ್ದರೆ ಆಗಾಗ ಹೊಸದು ತುಂಬುತ್ತಲೇ ಇರುತ್ತೇವೆ, ಕೆಡುವುದರೊಳಗೆ ಅದು ಕೆಲಸ ಮಾಡಿ ಮುಗಿಸಿರುತ್ತದೆ. ಸುಮ್ಮನೆ ಇಟ್ಟರೆ ಮಾತ್ರ ವ್ಯರ್ಥ.

ಈಗ ನನ್ನ ಪ್ರಶ್ನೆ. ಮೊನ್ನೆ ಬಂದ ಮೂರನೆಯ ಡಬ್ಬಿಯನ್ನೂ ನೋಡಿದೆ. ಈ ಸಲವೂ ಬಲಗೇಟಿನದರಲ್ಲಿ ಕಬ್ಬಿಣವಿಲ್ಲ. ಕಬ್ಬಿಣ ಇಲ್ಲದಿರಲಿ, ನೀರಿನ ಹನಿಯೂ ಇಲ್ಲ, ಧೂಳೂ ಇಲ್ಲ. ನೀರಿನ ಮೇಲೆ ನಿಂತ ಗೇಟು, ದಿನಾ ಏರಿ ಇಳಿಯುವ ಗೇಟು. ಎಂಥ ಗ್ರೀಸು ಹಾಕಿದರೂ ಅಷ್ಟಿಷ್ಟು ಸವೆಯಲೇಬೇಕು. ಸವೆತ ಕಡಿಮೆ ಮಾಡುತ್ತೇನೆ ಎಂದು ನಿಮ್ಮ ಮಗ ಹೇಳಿದ್ದರು, ಇಲ್ಲವಾಗಿಸುತ್ತೇನೆ ಎಂದು ಯಾವತ್ತೂ ಹೇಳಲಿಲ್ಲ.

ಮುಖ್ಯಸ್ಥರಿಗೆ ಇದು ಹೊಳೆದಿಲ್ಲವೋ, ಹೊಳೆಯುವುದು ಬೇಡವೋ. ಬರುವ ತಿಂಗಳು ಸಭೆಯಲ್ಲಿ ಘೋಷಿಸುತ್ತೇನೆ ಎನ್ನುತ್ತಿದ್ದಾರೆ. ವರದಿಯ ಮೇಲೆ ನಿಮ್ಮ ಮಗನ ಹೆಸರಿರುತ್ತದೆ. ಒಂದು ದಿನ ಯಾರಾದರೂ ಬೇರೆ ಗೇಟಿಗೆ ಹಾಕಿ ನೋಡಿದರೆ, ಸತ್ತವನು ಸುಳ್ಳು ಹೇಳಿದ್ದ ಎಂದು ಆಡಿಕೊಳ್ಳುತ್ತಾರೆ. ಉತ್ತರ ಹೇಳಲು ಅವರು ಇರುವುದಿಲ್ಲ.

ಮಾವ, ಬಕೆಟ್ಟು ಎಲ್ಲಿದೆ?

ನಿಮ್ಮ ಸೊಸೆ


ಜೂನ್ ೨೮

ಸೊಸೆಗೆ.

ಬಕೆಟ್ಟು ನನ್ನ ಮಂಚದ ಕೆಳಗಿದೆ.

ಬಯ್ಯುವುದಿದ್ದರೆ ಪೂರ್ತಿ ಓದಿ ಬಯ್ಯಿ. ಅವನನ್ನು ಕೊನೆಯ ಸಲ ಕಳಿಸಿ ನಿಮ್ಮಲ್ಲಿಂದ ವಾಪಸು ಬಂದ ಮೇಲೆ ಬಲಗೇಟಿಗೆ ಹಾಕಲೆಂದೇ ಹೊರಟೆ. ಗನ್ ತೊಳೆದಿಟ್ಟೆ, ಚಮಚ ತಂದೆ, ಮುಚ್ಚಳ ತೆಗೆದೆ. ಗ್ರೀಸಿನ ಮೇಲೆ ಅವನ ಬೆರಳು ಇತ್ತು. ಬಕೆಟ್ಟು ತುಂಬಿದ ಮೇಲೆ ಕೈಯಲ್ಲೇ ಸವರಿ ಮಟ್ಟ ಮಾಡಿದ್ದಾನೆ, ನಾಲ್ಕು ಬೆರಳಿನ ಗೆರೆ ಈ ಅಂಚಿನಿಂದ ಆ ಅಂಚಿನವರೆಗೆ ಬಾಗಿ ಹೋಗಿದೆ, ಈಗ ತಾನೇ ಕೈ ತೆಗೆದು ಒರೆಸಿಕೊಳ್ಳಲು ಹೋದ ಹಾಗೆ. ಅದಕ್ಕೆ ಚಮಚ ಹಾಕಲು ಕೈ ಬರಲಿಲ್ಲ. ನಾಳೆ ಹಾಕೋಣ ಎಂದು ಮುಚ್ಚಿಟ್ಟೆ. ಮಾರನೆಯ ದಿನವೂ ಕೈ ಬರಲಿಲ್ಲ. ಆಮೇಲೆ ಪ್ರಯತ್ನ ಮಾಡುವುದನ್ನೇ ಬಿಟ್ಟೆ.

ಎರಡೂ ಗೇಟಿಗೆ ಕಪ್ಪು ಗ್ರೀಸೇ ಹಾಕಿದ್ದೇನೆ. ನಿನಗೆ ಕಳಿಸಿದ್ದು ಬಕೆಟ್ಟಿನ ಅಂಚಿನದು, ಬೆರಳು ತಾಗದ ಕಡೆಯಿಂದ ಟೀ ಚಮಚದ ಹಿಡಿಯಲ್ಲಿ ತೆಗೆದದ್ದು. ಅವನು ಮಾಡಿದ್ದು ಕೆಟ್ಟದಾಗಿರಲು ಹೇಗೆ ಸಾಧ್ಯ, ಹಾಕಿದರೂ ಒಳ್ಳೆಯ ಫಲಿತಾಂಶವೇ ಬರುತ್ತಿತ್ತು, ಹಾಕದೆ ಒಳ್ಳೆಯದು ಅಂದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡೆ. ಅಷ್ಟೇ ನನ್ನ ಬುದ್ಧಿ.

ಸಂಜೆ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಒಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ. ನೋಡಿ ಮುಚ್ಚಿಡುತ್ತೇನೆ. ನಿನ್ನ ಹತ್ತಿರ ಅವನ ಮನೆ ಇದೆ, ಬಟ್ಟೆ ಇದೆ, ಬರೆದದ್ದು ಇದೆ. ನನಗೆ ಅವನ ಕೈ ಉಳಿದಿರುವುದು ಇದೊಂದರಲ್ಲೇ. ತೆಗೆದು ಗೇಟಿಗೆ ತುಂಬು ಎಂದರೆ ಆಗುವುದಿಲ್ಲ ತಾಯಿ. ನೀನೇ ಹೇಗಾದರೂ ನಿಮ್ಮ ದೊಡ್ಡವರಿಗೆ ಹೇಳಿ ಇನ್ನೊಂದು ಬಕೆಟ್ಟು ಬೇಯಿಸು, ಅದನ್ನು ಧಾರಾಳವಾಗಿ ಹಾಕುತ್ತೇನೆ. ಇದೊಂದನ್ನು ನನಗೆ ಬಿಡು.

ಮಾವ


ಜುಲೈ ೯

ಮಾವನವರಿಗೆ ನಮಸ್ಕಾರಗಳು.

ಈ ಕಾಗದಕ್ಕೆ ಮೊದಲು ಬೇರೆ ಕಾಗದ ಬರೆದು ಹರಿದು ಹಾಕಿದೆ. ಅದರಲ್ಲಿ ನಿಮ್ಮ ಬಕೆಟ್ಟು ನಿಮಗೇ ಇರಲಿ ಎಂದು ಬರೆದಿದ್ದೆ. ಇನ್ನೊಂದು ಬೇಯಿಸಲು ಬಿಡಿ ಎಂದು ಮುಖ್ಯಸ್ಥರನ್ನು ಕೇಳಿಯೂ ನೋಡಿದೆ. "ಇರೋದಕ್ಕೇ ಫಲಿತಾಂಶ ಬರ್ಲಿ, ಆಮೇಲೆ ನೋಡೋಣ" ಅಂದರು. ಡಿಸೆಂಬರಿನೊಳಗೆ ಬಲಗೇಟಿನಿಂದ ನಿಜವಾದ ಗ್ರೀಸು ಬರದಿದ್ದರೆ ಎಲ್ಲ ಮುಗಿಯಿತು. ಅದಕ್ಕೆ ಹೇಳಲೇಬೇಕಾಗಿದೆ.

ಆ ಬಕೆಟ್ಟು ಬೇಯಿಸಿದ ದಿನ ನಿಮ್ಮ ಮಗನಿಗೆ ಸೌಟು ಎತ್ತುವ ಶಕ್ತಿಯೂ ಇರಲಿಲ್ಲ. ಬೇಡ ಎಂದರೂ ಕೇಳದೆ ಲ್ಯಾಬಿಗೆ ಬಂದರು. ಹಂಡೆಯ ಪಕ್ಕ ಅದೇ ಕುರ್ಚಿ ಹಾಕಿಸಿಕೊಂಡು, ಹೊದಿಕೆ ಹೊದ್ದು ಕೂತರು. "ನೀನು ಕಲಕು, ನಾನು ಯಜಮಾನಿಕೆ ಮಾಡ್ತೀನಿ" ಅಂದರು. ಬಿಸಿ ಸಾಲದು, ಬಿಸಿ ಹೆಚ್ಚಾಯಿತು, ನಿಧಾನ, ಇನ್ನೂ ನಿಧಾನ ಎನ್ನುತ್ತಾ ಇದ್ದರು. ಆರಿದ ಮೇಲೆ ಬಕೆಟ್ಟಿಗೆ ತುಂಬಿದ್ದು ನಾನು. ಮಟ್ಟ ಮಾಡುವ ಚಾಕು ಹತ್ತಿರದಲ್ಲಿ ಇರಲಿಲ್ಲ. ಅವರಿಗೆ ಸುಸ್ತಾಗಿತ್ತು, ಬೇಗ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಹುಡುಕುತ್ತಾ ಕೂರದೆ ಕೈಯಲ್ಲೇ ಸವರಿಬಿಟ್ಟೆ.

ಅವರು ಬಗ್ಗಿ ನೋಡಿ, "ಇದೇನೇ, ಮಕ್ಕಳು ಮಣ್ಣಲ್ಲಿ ಆಡಿದ ಹಾಗೆ" ಎಂದು ನಕ್ಕರು.

"ನಿಮ್ಮಪ್ಪ ಇದನ್ನ ನೋಡ್ತಾ ಕೂರ್ತಾರಾ? ಗನ್ನಿಗೆ ತುಂಬ್ತಾರೆ, ಅಷ್ಟೇ" ಅಂದೆ.

ಮಾವ, ಆ ಬೆರಳು ನನ್ನವು.

ಮುಚ್ಚಳದ ಮೇಲಿನ ಅಕ್ಷರ ಮಾತ್ರ ಅವರದೇ. ಮನೆಗೆ ಬಂದು, ಹಾಸಿಗೆಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಬರೆದರು. ಬರೆದದ್ದು ಏನೆಂದು ನಿಮಗೇ ಗೊತ್ತು. ನೀವು ನನ್ನ ಕೈಯನ್ನು ಕಾಯುತ್ತಾ ಅವರ ಮಾತನ್ನು ಮಂಚದ ಕೆಳಗೆ ಇಟ್ಟಿದ್ದೀರಿ.

ಇದನ್ನು ಬರೆದು ನಿಮ್ಮಿಂದ ಏನು ಕಿತ್ತುಕೊಳ್ಳುತ್ತಿದ್ದೇನೆ ಎಂದು ನನಗೆ ಗೊತ್ತಿದೆ. ಬೇರೆ ದಾರಿ ಕಾಣಲಿಲ್ಲ. ಹಾಕುವ ಮುನ್ನ ಹಳೆಯ ಕಪ್ಪು ಗ್ರೀಸನ್ನು ಪೂರ್ತಿ ಒರೆಸಿ ತೆಗೆಯಿರಿ. ಎರಡೂ ಬೆರೆತರೆ ನೀರಾಗಿ ಇಳಿದುಹೋಗುತ್ತದೆ.

ನಿಮ್ಮ ಸೊಸೆ


ಆಗಸ್ಟ್ ೩೦

ಮಾವನವರಿಗೆ.

ನಿಮ್ಮಿಂದ ಕಾಗದವಿಲ್ಲ, ಡಬ್ಬಿಯೂ ಇಲ್ಲ. ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ನಿಮ್ಮ ಜಲಾಶಯದ ಕಚೇರಿಗೆ ಮಾಡಿದೆ. ರೇಡಿಯೋ ಅಂತೀರಲ್ಲ, ಅವರೇ ಎತ್ತಿದ್ದಿರಬೇಕು. "ಅಣ್ಣ ಚೆನ್ನಾಗಿದಾರಮ್ಮ, ಕೆಲಸಕ್ಕೆ ಬರ್ತಾರೆ, ಮಾತು ಮಾತ್ರ ಆಡಲ್ಲ, ನಾನೇ ಅವರ ಪಾಲಿಂದೂ ಸೇರ್ಸಿ ಆಡ್ತಿದೀನಿ" ಅಂದರು. ಅಷ್ಟಾದರೂ ತಿಳಿಯಿತು.

ಮೊದಲು ಬಂದ ಡಬ್ಬಿಗಳು ಲೆಕ್ಕಕ್ಕಿಲ್ಲ ಎಂದು ಮುಖ್ಯಸ್ಥರಿಗೆ ಹೇಳಿದೆ. ಸಭೆಯ ಹಿಂದಿನ ದಿನ ಹೇಳಿದ್ದಕ್ಕೆ ಅವರ ಮುಖ ಕೆಂಪಾಯಿತು. ಕೂಗಾಡಲಿಲ್ಲ, ಡಿಸೆಂಬರಿನವರೆಗೆ ಮಾತ್ರ ಅಂದರು. ಈಗ ಯಾರೂ "ನಿಮ್ಮ ಯಜಮಾನರು ಗೆದ್ದುಬಿಟ್ರು" ಎನ್ನುವುದಿಲ್ಲ. ಊಟದ ಹೊತ್ತಿಗೆ ನಾನು ಹೋದರೆ ಮಾತು ಬದಲಾಯಿಸುತ್ತಾರೆ.

ಬಯ್ದಾದರೂ ಒಂದು ಕಾಗದ ಬರೆಯಿರಿ. ನಿಮ್ಮ ಮಗ ಹೋದ ಮೇಲೆ ನನ್ನನ್ನು ಬಯ್ಯುವಷ್ಟು ಹತ್ತಿರದವರು ನೀವೊಬ್ಬರೇ ಉಳಿದಿರುವುದು.

ನಿಮ್ಮ ಸೊಸೆ


ಅಕ್ಟೋಬರ್ ೧೨

ಮಗಳಿಗೆ ಆಶೀರ್ವಾದಗಳು.

ಡಬ್ಬಿಗಳಿವೆ. ಬಲಗೇಟಿನದು ಬಲಗೇಟಿನದೇ.

ನಿನ್ನ ಜುಲೈ ತಿಂಗಳ ಕಾಗದ ಓದಿ ನಿನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ಸಾಲು ಬರೆದು ಅವನ ಕೈಯನ್ನು ನನ್ನ ಮನೆಯಿಂದ ತೆಗೆದುಕೊಂಡು ಹೋದೆಯಲ್ಲ ಎಂದು. ಕಾಗದ ಮಡಚಿ ಅಕ್ಕಿ ಡಬ್ಬದೊಳಗೆ ತುರುಕಿದೆ. ಬಕೆಟ್ಟನ್ನು ಮಂಚದ ಕೆಳಗಿನಿಂದ ತೆಗೆದು ಹೊರಗೆ ಬಾಗಿಲ ಹತ್ತಿರ ಇಟ್ಟೆ. ಮತ್ತೆ ಒಳಗೆ ತಂದೆ. ಹುಚ್ಚನ ಹಾಗೆ ದಿನಾ ಇದೇ ಕೆಲಸ.

ಆಮೇಲೊಂದು ದಿನ ಮುಚ್ಚಳ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಗೆರೆಯೂ ಒಂದೇ ಸಮ ಆಳವಾಗಿತ್ತು. ಅವನ ಉಂಗುರದ ಬೆರಳಿಗೆ ತುದಿಯೇ ಇಲ್ಲ. ಅವನು ಸವರಿದ್ದರೆ ಮೂರು ಗೆರೆ ಆಳ, ಒಂದು ತೆಳು ಇರಬೇಕಿತ್ತು. ಆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಗೆ ಓಡಿದವನು ನಾನು. ಅವನು ಅಕ್ಷರ ತಿದ್ದುವಾಗ, ಅನ್ನ ಕಲಸುವಾಗ ಆ ಬೆರಳನ್ನು ದಿನಾ ನೋಡಿದವನು ನಾನು. ನನಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು ಮಗಳೇ. ಮೊದಲ ದಿನ ಮುಚ್ಚಳ ತೆಗೆದಾಗಲೇ ಕಣ್ಣಿಗೆ ಬಿದ್ದಿತ್ತು. ಗ್ರೀಸು ಮೆತ್ತಗೆ ಹರಿದು ಗೆರೆ ಕೂಡಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಗ್ರೀಸು ಹಾಗೆಲ್ಲ ಹರಿಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ದಿನಾ ಮುಚ್ಚಳ ತೆಗೆದದ್ದಕ್ಕೋ ಏನೋ, ವರ್ಷ ತುಂಬುವ ಮೊದಲೇ ನೀನು ಹೇಳಿದ ಹಾಗೆ ಮೇಲೆ ಹಳದಿ ಪೊರೆ ಕಟ್ಟಿತ್ತು, ಹುಳಿ ವಾಸನೆಯೂ ಬರುತ್ತಿತ್ತು. ಗೆರೆಗಳೆಲ್ಲ ಆ ಪೊರೆಯ ಮೇಲೆಯೇ ಇದ್ದದ್ದು. ಚಮಚದಲ್ಲಿ ಎತ್ತಿದರೆ ಇಡಿಯಾಗಿ ಸುಕ್ಕುಗಟ್ಟಿಕೊಂಡು ಬಂತು. ಒಂದು ಗಳಿಗೆ ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಕಟ್ಟೆಯ ಪಕ್ಕದ ಮಣ್ಣು ಕೆದಕಿ ಅದರಲ್ಲಿ ಮುಚ್ಚಿದೆ. ಮಣ್ಣಾಗುತ್ತದೆ ಎಂದು ನೀನೇ ಬರೆದಿದ್ದೆಯಲ್ಲ. ಅಡಿಯಲ್ಲಿದ್ದ ಗ್ರೀಸು ಬೆಳ್ಳಗೆ, ಬಂದ ದಿನ ಇದ್ದ ಹಾಗೆಯೇ ಇತ್ತು.

ಬಲಗೇಟಿನ ಬುಷ್ಷು, ಗೇರು, ತಿರುಪು ಎಲ್ಲ ಬಿಚ್ಚಿ ಕಪ್ಪು ಗ್ರೀಸನ್ನು ಚಿಂದಿಯಲ್ಲಿ ಒರೆಸಿ ತೆಗೆದೆ. ಹೊಸದನ್ನು ತುಂಬಿದೆ. ಅಂಚಿನಿಂದ ಉಕ್ಕಿ ಬರುವಷ್ಟು ತುಂಬಿದೆ. ರೇಡಿಯೋ ನೋಡಿ ಬಾಯಿ ಬಿಟ್ಟ. "ಏನಣ್ಣಾ ಇಷ್ಟೊಂದು ಧಾರಾಳ! ಇವತ್ತೇನು ಮಗನ ಮದುವೇನಾ?" ಅಂದ. ಅಂದವನು ನಾಲಿಗೆ ಕಚ್ಚಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಸಂಜೆಯವರೆಗೂ ತುಟಿ ಎರಡು ಮಾಡಲಿಲ್ಲ.

ಅವನು ಸುಮ್ಮನಿದ್ದದ್ದರಿಂದ ಗೇಟಿನ ಸದ್ದು ಕೇಳಿತು. ಬಲಗೇಟು ಏರುವಾಗ ಕೀರಲು ಇಲ್ಲ. ಅಳುತ್ತಿದ್ದ ಮಗು ಮೊಲೆ ಕಚ್ಚಿದ ಹಾಗೆ ಸುಮ್ಮನಾಗಿದೆ. ಅಪ್ಪ ತಾವಾಗೇ ಫೋನು ಮಾಡುತ್ತಾರೆ ಎಂದು ಪುಟ್ಟ ಹೇಳಿದ್ದನಂತಲ್ಲ. ಯಾರಿಗೆ ಮಾಡಲಿ? ಕಟ್ಟೆಯ ಮೇಲೆ ನಿಂತು ನೀರು ನೋಡುತ್ತಾ ಜೋರಾಗಿ ಅತ್ತೆ. ರೇಡಿಯೋ ಪಕ್ಕದಲ್ಲೇ ಇದ್ದ, ಇದ್ದರೆ ಇರಲಿ ಎಂದು ಅತ್ತೆ.

ನಿನಗೆ ಲ್ಯಾಬಿನಲ್ಲಿ ತಲೆ ತಗ್ಗಿಸುವ ಹಾಗೆ ಮಾಡಿದೆ. ನಿಮ್ಮ ದೊಡ್ಡವರಿಗೆ ನಾನೇ ಬರೆಯಬೇಕೆಂದರೆ ಬರೆಯುತ್ತೇನೆ.

ನಿನ್ನ ಮಾವ


ಡಿಸೆಂಬರ್ ೬

ಮಾವ,

ಅಕ್ಟೋಬರಿನಿಂದ ಬಂದ ಮೂರು ಸಲದ ಡಬ್ಬಿಗಳನ್ನೂ ನೋಡಿ ಮುಗಿಯಿತು. ಕಬ್ಬಿಣ ಇದೆ. ನೀರು ಇದೆ, ಧೂಳು ಇದೆ, ಚಿಂದಿಯ ಎಳೆಯೊಂದು ಕೂಡ ಇದೆ. ಕಬ್ಬಿಣ ಎಡಗೇಟಿನ ಅರ್ಧಕ್ಕಿಂತ ಕಡಿಮೆ. ನಿಮ್ಮ ಮಗ ಅಂದಾಜು ಮಾಡಿದ್ದು ಹೆಚ್ಚು ಕಡಿಮೆ ಇಷ್ಟನ್ನೇ. ಯಂತ್ರದಲ್ಲಿ ಆ ಕಬ್ಬಿಣದ ಗೆರೆ ಏಳುವುದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದವರು ಫಲಿತಾಂಶ ಕೆಟ್ಟಿತೆಂದು ತಿಳಿದು ಸಮಾಧಾನ ಮಾಡಲು ಬಂದರು.

ಮುಖ್ಯಸ್ಥರು ಕನ್ನಡಕ ಒರೆಸಲಿಲ್ಲ, "ಇದನ್ನ ನಂಬಬಹುದು" ಎಂದಷ್ಟೇ ಅಂದರು. ಮೂರು ತಿಂಗಳ ಅಂಕಿ ಸಾಲದು, ಇನ್ನೊಂದು ವರ್ಷ ನೋಡಬೇಕು ಎಂದು ಫೈಲನ್ನು ಮುಚ್ಚದೆ ಇಟ್ಟಿದ್ದಾರೆ. ವರದಿಯಲ್ಲಿ ನಿಮ್ಮ ವಿಷಯ ಬರೆದಿಲ್ಲ. ಗ್ರೀಸು ಹಾಕುವುದು ಕಾರಣಾಂತರದಿಂದ ತಡವಾಯಿತು, ಮೊದಲಿನ ಅಂಕಿಗಳನ್ನು ಬಿಟ್ಟಿದೆ ಎಂದು ಒಂದು ಸಾಲು ಬರೆದಿದ್ದೇನೆ. ಅದು ಸುಳ್ಳಲ್ಲ. ಆದ್ದರಿಂದ ನೀವು ಯಾರಿಗೂ ಏನೂ ಬರೆಯುವುದು ಬೇಡ.

ಹೊಸದಾಗಿ ಬೇಯಿಸಲು ಅನುಮತಿ ಸಿಕ್ಕಿದೆ. ಜನವರಿಯಲ್ಲಿ ಬೇಯಿಸುತ್ತೇನೆ. ಸಿಕ್ಕ ಮೇಲೆ ಭಯವಾಗುತ್ತಿದೆ. ಬಿಸಿ ಸಾಲದು, ಬಿಸಿ ಹೆಚ್ಚಾಯಿತು ಎಂದು ಹೇಳುವವರಿಲ್ಲದೆ ಇದೇ ಮೊದಲು. ಇವತ್ತು ಕುರ್ಚಿಯ ಮೇಲಿನ ಪೇಪರುಗಳನ್ನೆಲ್ಲ ತೆಗೆದು ರದ್ದಿಗೆ ಹಾಕಿದೆ. ಕುರ್ಚಿಯನ್ನು ಹಂಡೆಯ ಪಕ್ಕಕ್ಕೆ ಎಳೆದಿಟ್ಟಿದ್ದೇನೆ. ಯಾರಾದರೂ ಕೇಳಿದರೆ ಕಾಲು ನೋಯುತ್ತದೆ, ಕೂರಲು ಬೇಕು ಎನ್ನುತ್ತೇನೆ.

ನಿಮ್ಮ ಸೊಸೆ


ಫೆಬ್ರವರಿ ೪

ಮಗಳಿಗೆ ಆಶೀರ್ವಾದಗಳು.

ಅವನು ಹೋಗಿ ವರ್ಷ ತುಂಬಿತು. ಆ ದಿನ ನೀನು ಫೋನು ಮಾಡಿದ್ದೆ. ಎತ್ತಬೇಕೆಂದು ಹತ್ತಿರ ಹೋಗಿ ನಿಂತೆ, ಅಷ್ಟರಲ್ಲಿ ನಿಂತುಹೋಯಿತು. ಮುಂದಿನ ಸಲ ಸ್ವಲ್ಪ ಹೆಚ್ಚು ಹೊತ್ತು ಬಾರಿಸಲು ಬಿಡು, ಎತ್ತುತ್ತೇನೆ.

ಹಳೆಯ ಬಕೆಟ್ಟು ಖಾಲಿಯಾಯಿತು. ತಳದಲ್ಲಿದ್ದದ್ದನ್ನೂ ಬೆರಳಿನಲ್ಲಿ ಬಳಿದು ಹಾಕಿದೆ. ಬಕೆಟ್ಟನ್ನು ತೊಳೆದು ನೀರು ತುಂಬಲು ಇಟ್ಟುಕೊಂಡಿದ್ದೇನೆ. ಮುಚ್ಚಳವನ್ನು ಮಾತ್ರ ಮೊಳೆ ಹೊಡೆದು ಗೋಡೆಗೆ ಹಾಕಿದ್ದೇನೆ. ಅದು ಹುಳಿ ಹಿಡಿಯುವುದಿಲ್ಲವಲ್ಲ. ಬಲಗೇಟಿನ ಕೆಳಗೆ ನೀರಿನ ಮೇಲೆ ಈಗ ಬಣ್ಣವಿಲ್ಲ. ಎಡಗೇಟಿನ ಕೆಳಗೆ ಇದೆ. ಎರಡನ್ನೂ ನೋಡುತ್ತಾ ನಿಂತರೆ ಅವನು ಅವತ್ತು ಹೇಳಿದ್ದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ, ಅವನಿಗೆ ತೋರಿಸಲಾಗುವುದಿಲ್ಲ ಎನ್ನುವುದೊಂದೇ.

ನೀನು ಬೇಯಿಸಿದ ಹೊಸ ಬಕೆಟ್ಟು ನಿನ್ನೆ ಬಂತು. ಅದೇ ಬೆಣ್ಣೆ, ಅದೇ ವಾಸನೆ. ಏನೂ ವ್ಯತ್ಯಾಸವಿಲ್ಲ, ಹೆದರಿದ್ದೆಯಲ್ಲ, ಅದಕ್ಕೆ ಹೇಳಿದೆ. ಮುಚ್ಚಳದ ಮೇಲೆ ಅಚ್ಚು ಹಾಕಿದ ಚೀಟಿ ಅಂಟಿಸಿದ್ದೀಯ. ಇರಲಿ. ಮುಚ್ಚಳ ತೆಗೆದೆ. ಮೇಲೆ ಚಾಕು ಹಾಯಿಸಿ ಕನ್ನಡಿಯ ಹಾಗೆ ಮಟ್ಟ ಮಾಡಿದ್ದೀಯ, ಒಂದು ಗೆರೆ ಇಲ್ಲ. ಯಾಕೆ ಹಾಗೆ ಮಾಡಿದ್ದೀಯ ಎಂದು ತಿಳಿಯಿತು. ನನಗೆ ಸುಲಭವಾಗಲಿ ಎಂದು. ಸುಲಭವೇ ಆಯಿತು, ನಿಂತ ಕಾಲಲ್ಲೇ ಗನ್ನಿಗೆ ತುಂಬಿದೆ.

ಆದರೂ ಒಂದು ಮಾತು. ಮುಂದಿನ ಬಕೆಟ್ಟಿಗೆ ಚಾಕು ಹಾಕಬೇಡ. ಕೈಯಲ್ಲೇ ಸವರು. ಕೂಡಿಡುವುದಿಲ್ಲ, ನಂಬು. ಒಂದು ಸಲ ನೋಡಿ, ಗೇಟಿಗೆ ಹಾಕುತ್ತೇನೆ.

ನಿನ್ನ ಮಾವ